ಮಳಿಗೆಯಲ್ಲಿ ಇತರರಿಗೆ ಹಾನಿಯಾದಾಗ ಹೊಣೆ ಯಾರದು? ಕಲಾವಿದರು ಮತ್ತು ಕುಶಲಕರ್ಮಿಗಳಿಗೆ ಸಾರ್ವಜನಿಕ ಹೊಣೆಗಾರಿಕೆ ವಿಮೆ: ಒಂದು ವಿಶ್ಲೇಷಣೆ

1. ಪೀಠಿಕೆ

ಕಲಾವಿದರು ಹಾಗೂ ಕುಶಲಕರ್ಮಿಗಳು ಸರ್ಕಾರದ ಸೌಲಭ್ಯಗಳಿಗಾಗಿ ಅರ್ಜಿ ಸಲ್ಲಿಸುವಾಗ ವಿಮೆಯ ವಿಷಯವೂ ಸಾಮಾನ್ಯವಾಗಿ ಪ್ರಸ್ತಾಪವಾಗುತ್ತದೆ. ಅಪಘಾತ ವಿಮೆ, ಜೀವ ವಿಮೆ ಮತ್ತು ಆರೋಗ್ಯ ವಿಮೆಗಳ ಪರಿಚಯ ಇಂದು ಬಹುತೇಕ ಅರ್ಜಿದಾರರಿಗೆ ಇದೆ. ಆದರೆ ಈ ಮೂರೂ ಬಗೆಯ ವಿಮೆಗಳು ಕುಶಲಕರ್ಮಿಗೆ ಅಥವಾ ಆತನ ಕುಟುಂಬಕ್ಕೆ ಒದಗುವ ಆಪತ್ತನ್ನು ಮಾತ್ರ ಗಮನದಲ್ಲಿ ಇರಿಸಿಕೊಂಡಿವೆ. ಕುಶಲಕರ್ಮಿಯ ಕೆಲಸದಿಂದ, ಮಳಿಗೆಯಿಂದ ಅಥವಾ ಆತ ಮಾರಿದ ವಸ್ತುವಿನಿಂದ ಬೇರೊಬ್ಬರಿಗೆ ಹಾನಿಯಾದಲ್ಲಿ ಅದರ ಪರಿಹಾರವನ್ನು ಯಾರು ಭರಿಸಬೇಕು ಎಂಬ ಪ್ರಶ್ನೆಗೆ ಸದರಿ ವಿಮೆಗಳಲ್ಲಿ ಉತ್ತರವಿಲ್ಲ.

ಒಂದು ಉದಾಹರಣೆಯನ್ನು ಗಮನಿಸಬಹುದು. ಕರಕುಶಲ ಮೇಳವೊಂದರಲ್ಲಿ ಮರದ ಆಟಿಕೆಗಳ ಮಳಿಗೆ ಇದೆ. ಸಂಜೆಯ ಜನಸಂದಣಿಯಲ್ಲಿ ಆಟಿಕೆಗಳನ್ನು ಜೋಡಿಸಿದ್ದ ಕಬ್ಬಿಣದ ಚೌಕಟ್ಟು ಉರುಳಿ ಮಗುವೊಂದರ ಕೈ ಮುರಿಯುತ್ತದೆ. ಮಗುವಿನ ತಂದೆ ಕೂಲಿ ಕಾರ್ಮಿಕರು. ಮಳಿಗೆಯವರ ವರ್ಷದ ವರಮಾನವೂ ಅಲ್ಪ. ಶಸ್ತ್ರಚಿಕಿತ್ಸೆಯ ವೆಚ್ಚವನ್ನು ಭರಿಸುವ ಶಕ್ತಿ ಇಬ್ಬರಿಗೂ ಇಲ್ಲ. ಮಳಿಗೆಯವರ ಬಳಿ ಅಪಘಾತ ವಿಮೆಯ ಪತ್ರ ಇದೆ. ಆದರೆ ಅದು ಅವರ ಸ್ವಂತ ಕೈ ಮುರಿದಾಗ ಉಪಯೋಗಕ್ಕೆ ಬರಬಹುದೇ ಹೊರತು ಮಗುವಿನ ಕೈ ಮುರಿದಾಗ ಬಾರದು.

ಈ ಕೊರತೆಯನ್ನು ತುಂಬುವ ವ್ಯವಸ್ಥೆಗೆ ಸಾರ್ವಜನಿಕ ಹೊಣೆಗಾರಿಕೆ ವಿಮೆ ಎಂದು ಹೆಸರು. ಇದರ ಸ್ವರೂಪ, ಮಿತಿ ಮತ್ತು ಇಂದಿನ ಅಗತ್ಯವನ್ನು ಅರ್ಜಿದಾರರ ತಿಳುವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

2. ಸಾರ್ವಜನಿಕ ಹೊಣೆಗಾರಿಕೆ ವಿಮೆ ಎಂದರೇನು?

ವಾಹನ ಮಾಲೀಕರಿಗೆ ಥರ್ಡ್ ಪಾರ್ಟಿ ವಿಮೆಯ ಪರಿಚಯವಿದೆ. ರಸ್ತೆಯಲ್ಲಿ ವಾಹನವು ಬೇರೊಬ್ಬರಿಗೆ ಡಿಕ್ಕಿ ಹೊಡೆದಲ್ಲಿ, ಗಾಯಗೊಂಡವರಿಗೆ ಮಾಲೀಕನು ಕೊಡಬೇಕಾದ ಪರಿಹಾರವನ್ನು ವಿಮಾ ಕಂಪನಿಯು ಕೊಡುತ್ತದೆ. 1988ರ ಮೋಟಾರು ವಾಹನಗಳ ಅಧಿನಿಯಮದ ಮೇರೆಗೆ ಇಂತಹ ವಿಮೆ ಕಡ್ಡಾಯವಾಗಿದೆ. ಸಾರ್ವಜನಿಕ ಹೊಣೆಗಾರಿಕೆ ವಿಮೆಯೂ ಇದೇ ತತ್ವವನ್ನು ಅನುಸರಿಸುತ್ತದೆ. ವಾಹನದ ಸ್ಥಾನದಲ್ಲಿ ಇಲ್ಲಿ ಕಾರ್ಯಾಗಾರ, ಮಳಿಗೆ, ರಂಗಸ್ಥಳ ಅಥವಾ ಕೆಲಸದ ಜಾಗ ಇರುತ್ತದೆ. ವ್ಯತ್ಯಾಸವೆಂದರೆ ಕಲಾವಿದರಿಗೆ ಮತ್ತು ಕುಶಲಕರ್ಮಿಗಳಿಗೆ ಇದನ್ನು ಕಡ್ಡಾಯಗೊಳಿಸುವ ಸಾಮಾನ್ಯ ಕಾನೂನು ಇಲ್ಲ.

ಈ ವಿಮೆಯಡಿ ಪಾಲಿಸಿದಾರನು ಕಾನೂನಿನಂತೆ ಮೂರನೆಯ ವ್ಯಕ್ತಿಗೆ ಕೊಡಬೇಕಾಗಿ ಬರುವ ಪರಿಹಾರವನ್ನು ಪಾಲಿಸಿಯ ಮಿತಿಯೊಳಗೆ ವಿಮಾ ಕಂಪನಿಯು ಭರಿಸುತ್ತದೆ. ಸಾವು, ಗಾಯ ಹಾಗೂ ಆಸ್ತಿಗೆ ಆದ ಹಾನಿ ಇದರ ವ್ಯಾಪ್ತಿಗೆ ಬರುತ್ತವೆ. ಕಂಪನಿಯ ಒಪ್ಪಿಗೆ ಪಡೆದು ಮಾಡಿದ ವಕೀಲರ ಹಾಗೂ ನ್ಯಾಯಾಲಯದ ವೆಚ್ಚವೂ ಸಾಮಾನ್ಯವಾಗಿ ಸೇರಿರುತ್ತದೆ. ಮೂರನೆಯ ವ್ಯಕ್ತಿ ಎಂದರೆ ಮಳಿಗೆಗೆ ಬಂದ ಗ್ರಾಹಕರು, ದಾರಿಹೋಕರು, ಪ್ರೇಕ್ಷಕರು ಅಥವಾ ಅಕ್ಕಪಕ್ಕದ ಮಳಿಗೆಯವರು. ಪಾಲಿಸಿದಾರನ ಬಳಿ ಸಂಬಳಕ್ಕೆ ಕೆಲಸ ಮಾಡುವವರು ಇದರಲ್ಲಿ ಸೇರುವುದಿಲ್ಲ. ಅವರ ಪರಿಹಾರಕ್ಕೆ ಪ್ರತ್ಯೇಕ ಕಾನೂನು ಇದೆ; 1923ರ ನೌಕರರ ಪರಿಹಾರ ಅಧಿನಿಯಮದ ಸ್ಥಾನದಲ್ಲಿ 2020ರ ಸಾಮಾಜಿಕ ಭದ್ರತಾ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ.

3. ಪ್ರಚಲಿತ ಯೋಜನೆಗಳು ಒದಗಿಸುವ ರಕ್ಷಣೆ

ಕುಶಲಕರ್ಮಿಗಳು ಸಾಮಾನ್ಯವಾಗಿ ಪಡೆಯುವ ಸೌಲಭ್ಯಗಳನ್ನು ಈ ದೃಷ್ಟಿಯಿಂದ ಪರಿಶೀಲಿಸಿದಾಗ ಕಂಡುಬರುವ ಅಂಶಗಳು ಈ ಕೆಳಕಂಡಂತಿವೆ:

(ಅ) ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ: 2015ರಲ್ಲಿ ಆರಂಭವಾದ ಈ ಯೋಜನೆಯು 18ರಿಂದ 70 ವರ್ಷದೊಳಗಿನ ಬ್ಯಾಂಕ್ ಖಾತೆದಾರರಿಗೆ ಲಭ್ಯ. 2022ರ ಜೂನ್ 1ರಿಂದ ವಾರ್ಷಿಕ ಕಂತು 20 ರೂ. ಅಪಘಾತದಿಂದ ಸಾವು ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯ ಉಂಟಾದಲ್ಲಿ 2 ಲಕ್ಷ ರೂ., ಭಾಗಶಃ ಶಾಶ್ವತ ಅಂಗವೈಕಲ್ಯಕ್ಕೆ 1 ಲಕ್ಷ ರೂ. ದೊರೆಯುತ್ತದೆ. ಈ ರಕ್ಷಣೆ ಖಾತೆದಾರರಿಗೆ ಮಾತ್ರ.

(ಆ) ಪ್ರಧಾನ ಮಂತ್ರಿ ಜೀವನ್ ಜ್ಯೋತಿ ಬಿಮಾ ಯೋಜನೆ: ಇದೂ 2015ರಲ್ಲಿ ಆರಂಭವಾಯಿತು. 18ರಿಂದ 50 ವರ್ಷದೊಳಗಿನವರು ಸೇರಬಹುದು. 2022ರ ಜೂನ್ 1ರಿಂದ ವಾರ್ಷಿಕ ಕಂತು 436 ರೂ. ಖಾತೆದಾರರು ಮೃತಪಟ್ಟಲ್ಲಿ ಕುಟುಂಬಕ್ಕೆ 2 ಲಕ್ಷ ರೂ. ಸಲ್ಲುತ್ತದೆ.

(ಇ) ಪಿ.ಎಂ. ವಿಶ್ವಕರ್ಮ ಯೋಜನೆ: 2023ರ ಸೆಪ್ಟೆಂಬರ್ 17ರಂದು ಆರಂಭವಾದ ಈ ಯೋಜನೆಯು ಬಡಗಿ, ಕಮ್ಮಾರ, ಕುಂಬಾರ, ಅಕ್ಕಸಾಲಿಗ, ಶಿಲ್ಪಿ, ಗೊಂಬೆ ಹಾಗೂ ಆಟಿಕೆ ತಯಾರಕರನ್ನು ಒಳಗೊಂಡಂತೆ 18 ಕಸುಬುಗಳಿಗೆ ಅನ್ವಯಿಸುತ್ತದೆ. ಗುರುತಿನ ಚೀಟಿ, ತರಬೇತಿ, 15,000 ರೂ.ವರೆಗಿನ ಉಪಕರಣ ಸಹಾಯಧನ, ಮೊದಲ ಹಂತದಲ್ಲಿ 1 ಲಕ್ಷ ಹಾಗೂ ಎರಡನೇ ಹಂತದಲ್ಲಿ 2 ಲಕ್ಷ ರೂ.ವರೆಗಿನ ಸಾಲ, ಡಿಜಿಟಲ್ ವಹಿವಾಟಿಗೆ ಪ್ರೋತ್ಸಾಹ ಹಾಗೂ ಮಾರುಕಟ್ಟೆ ನೆರವು ಇದರ ಅಂಗಗಳು. ಹೊಣೆಗಾರಿಕೆ ವಿಮೆ ಈ ಅಂಗಗಳಲ್ಲಿ ಸೇರಿಲ್ಲ.

(ಈ) ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ: 2021ರ ಏಪ್ರಿಲ್ 1ರಿಂದ ಸಾಮಾನ್ಯ ವಿಮಾ ಕಂಪನಿಗಳು ನೀಡುತ್ತಿರುವ ಪ್ರಮಾಣೀಕೃತ ಪಾಲಿಸಿ ಇದು. ಒಂದು ಸ್ಥಳದಲ್ಲಿ 5 ಕೋಟಿ ರೂ.ವರೆಗಿನ ಮೌಲ್ಯದ ಕಟ್ಟಡ, ಯಂತ್ರ ಮತ್ತು ದಾಸ್ತಾನಿಗೆ ಬೆಂಕಿ, ಪ್ರವಾಹ ಮುಂತಾದವುಗಳಿಂದ ಆಗುವ ನಷ್ಟವನ್ನು ಇದು ತುಂಬಿಕೊಡುತ್ತದೆ. ಕಾರ್ಯಾಗಾರ ಸುಟ್ಟರೆ ಮಾಲೀಕನಿಗೆ ಪರಿಹಾರ ಉಂಟು. ಅದೇ ಬೆಂಕಿಯಿಂದ ಗಾಯಗೊಂಡ ನೆರೆಯವರು ಪರಿಹಾರ ಕೇಳಿದರೆ ಈ ಪಾಲಿಸಿ ನೆರವಿಗೆ ಬಾರದು.

ಮೇಲ್ಕಂಡ ನಾಲ್ಕೂ ಯೋಜನೆಗಳು ತಮ್ಮ ಉದ್ದೇಶದ ಮಟ್ಟಿಗೆ ಉಪಯುಕ್ತವಾಗಿವೆ. ಆದರೆ ಅವುಗಳಲ್ಲಿ ಒಂದನ್ನಾದರೂ ಪಡೆದಿರುವುದರಿಂದ ಎಲ್ಲ ಬಗೆಯ ವಿಮೆಯೂ ಆಯಿತೆಂದು ಭಾವಿಸುವುದು ಸರಿಯಲ್ಲ. ರಕ್ಷಣೆಯ ದಿಕ್ಕು ಯಾವುದು ಎಂಬುದನ್ನು ಅರ್ಜಿದಾರರು ಮೊದಲು ಗುರುತಿಸಬೇಕು.

4. 1991ರ ಅಧಿನಿಯಮದ ಬಗ್ಗೆ ಇರುವ ತಪ್ಪು ತಿಳುವಳಿಕೆ

ಸಾರ್ವಜನಿಕ ಹೊಣೆಗಾರಿಕೆ ವಿಮಾ ಅಧಿನಿಯಮ, 1991 ಎಂಬ ಕೇಂದ್ರ ಕಾನೂನು ಜಾರಿಯಲ್ಲಿದೆ. ಹೆಸರನ್ನು ಕಂಡು ಇದು ಎಲ್ಲ ವೃತ್ತಿಗಳಿಗೂ ಅನ್ವಯಿಸುತ್ತದೆ ಎಂದು ಹಲವರು ತಿಳಿಯುತ್ತಾರೆ. ವಾಸ್ತವವಾಗಿ 1984ರ ಡಿಸೆಂಬರ್‌ನಲ್ಲಿ ಭೋಪಾಲದಲ್ಲಿ ಸಂಭವಿಸಿದ ಅನಿಲ ದುರಂತದ ಹಿನ್ನೆಲೆಯಲ್ಲಿ ರೂಪುಗೊಂಡ ಈ ಕಾನೂನು, ಅಧಿಸೂಚಿತ ಪ್ರಮಾಣವನ್ನು ಮೀರಿ ಅಪಾಯಕಾರಿ ವಸ್ತುಗಳನ್ನು ನಿರ್ವಹಿಸುವ ಮಾಲೀಕರಿಗೆ ಮಾತ್ರ ಸಂಬಂಧಿಸಿದೆ. ಅಂತಹವರು ವಿಮೆ ಪಡೆಯುವುದು ಕಡ್ಡಾಯ. ಬಾಧಿತರು ಮಾಲೀಕನ ತಪ್ಪನ್ನು ರುಜುವಾತುಪಡಿಸದೆಯೇ ತುರ್ತು ಪರಿಹಾರ ಪಡೆಯಬಹುದು.

ಬೀದರಿನ ಬಿದರಿ ಕಲಾವಿದರು ತಮ್ಮ ಕೆಲಸದಲ್ಲಿ ಅಲ್ಪ ಪ್ರಮಾಣದ ಮೈಲುತುತ್ತ ಹಾಗೂ ನವಸಾಗರವನ್ನು ಬಳಸುತ್ತಾರೆ. ಮನೆಯ ಕಾರ್ಯಾಗಾರದ ಇಂತಹ ಬಳಕೆ ದೊಡ್ಡ ಕಾರ್ಖಾನೆಗಳನ್ನು ಉದ್ದೇಶಿಸಿದ ಸದರಿ ಅಧಿನಿಯಮದ ಗುರಿಯಲ್ಲ. ಆದುದರಿಂದ ಕುಶಲಕರ್ಮಿಗಳು ಪಡೆಯಬಹುದಾದ ವಿಮೆಯು 1991ರ ಅಧಿನಿಯಮದ ಕಡ್ಡಾಯ ಪಾಲಿಸಿಯಲ್ಲ. ಸಾಮಾನ್ಯ ವಿಮಾ ಕಂಪನಿಗಳು ಐಚ್ಛಿಕವಾಗಿ ನೀಡುವ ಸಾರ್ವಜನಿಕ ಹೊಣೆಗಾರಿಕೆ ಪಾಲಿಸಿ. ಕಂಪನಿಯ ಕಚೇರಿಯಲ್ಲಿ ವಿಚಾರಿಸುವಾಗ ಈ ವ್ಯತ್ಯಾಸವನ್ನು ಸ್ಪಷ್ಟಪಡಿಸುವುದು ಒಳ್ಳೆಯದು.

ಕಾನೂನು ಕಡ್ಡಾಯಗೊಳಿಸಿಲ್ಲ ಎಂದ ಮಾತ್ರಕ್ಕೆ ಹೊಣೆಯೂ ಇಲ್ಲ ಎಂದು ಅರ್ಥವಲ್ಲ. ಅಜಾಗರೂಕತೆಯಿಂದ ಇತರರಿಗೆ ಹಾನಿ ಉಂಟುಮಾಡಿದವರು ನಷ್ಟಭರ್ತಿ ಮಾಡಿಕೊಡಬೇಕೆಂಬುದು ನ್ಯಾಯಾಲಯಗಳು ದೀರ್ಘಕಾಲದಿಂದ ಅನುಸರಿಸಿಕೊಂಡು ಬಂದಿರುವ ತತ್ವ. ಸಾವು ಸಂಭವಿಸಿದ ಪ್ರಕರಣಗಳಲ್ಲಿ ಅವಲಂಬಿತರು 1855ರ ಮಾರಣಾಂತಿಕ ಅಪಘಾತಗಳ ಅಧಿನಿಯಮದಡಿ ದಾವೆ ಹೂಡಬಹುದು.

5. ಮೇಳಗಳಲ್ಲಿ ಹೊಣೆಗಾರಿಕೆ: ಮೀರತ್ ಪ್ರಕರಣದ ಪಾಠ

ಕುಶಲಕರ್ಮಿಗಳ ಮಾರಾಟದ ಸ್ವರೂಪ ಬದಲಾಗಿದೆ. ಊರಿನ ಸಂತೆ ಹಾಗೂ ಜಾತ್ರೆಗಳ ಜೊತೆಗೆ ನಗರಗಳ ಕರಕುಶಲ ಮೇಳಗಳು, ಮೈಸೂರಿನ ದಸರಾ ವಸ್ತುಪ್ರದರ್ಶನ, ಬೆಂಗಳೂರಿನ ಕುಮಾರ ಕೃಪಾ ರಸ್ತೆಯಲ್ಲಿ ನಡೆಯುವ ಚಿತ್ರಸಂತೆಯಂತಹ ಸಂದರ್ಭಗಳು ಇಂದು ಮುಖ್ಯ ಮಾರುಕಟ್ಟೆಗಳಾಗಿವೆ. ಹೆಚ್ಚು ಜನ ಸೇರುವಲ್ಲಿ ಮಾರಾಟವೂ ಹೆಚ್ಚು, ಅಪಾಯವೂ ಹೆಚ್ಚು.

ಈ ಬಗ್ಗೆ ಸುಪ್ರೀಂ ಕೋರ್ಟ್ 2022ರ ಏಪ್ರಿಲ್‌ನಲ್ಲಿ ನೀಡಿದ ತೀರ್ಪು ಗಮನಾರ್ಹವಾಗಿದೆ. ಉತ್ತರ ಪ್ರದೇಶದ ಮೀರತ್ ನಗರದ ವಿಕ್ಟೋರಿಯಾ ಪಾರ್ಕ್‌ನಲ್ಲಿ ನಡೆದ ಗ್ರಾಹಕ ಮೇಳದ ಕೊನೆಯ ದಿನವಾದ 2006ರ ಏಪ್ರಿಲ್ 10ರಂದು ಬೆಂಕಿ ಅನಾಹುತ ಸಂಭವಿಸಿ 65 ಜನ ಮೃತಪಟ್ಟರು. ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಚಪ್ಪರ ಹಾಗೂ ವಿದ್ಯುತ್ ವ್ಯವಸ್ಥೆಯನ್ನು ಗುತ್ತಿಗೆದಾರರಿಗೆ ವಹಿಸಲಾಗಿತ್ತು, ಆದುದರಿಂದ ಹೊಣೆ ಗುತ್ತಿಗೆದಾರರದು ಎಂದು ಸಂಘಟಕರು ವಾದಿಸಿದರು. ನ್ಯಾಯಾಲಯವು ಈ ವಾದವನ್ನು ಒಪ್ಪಲಿಲ್ಲ. ಸಂದರ್ಶಕರನ್ನು ಆಹ್ವಾನಿಸಿದವರು ಅವರ ಸುರಕ್ಷತೆಯ ಕರ್ತವ್ಯವನ್ನು ಬೇರೆಯವರಿಗೆ ವರ್ಗಾಯಿಸಿ ಕೈತೊಳೆದುಕೊಳ್ಳುವಂತಿಲ್ಲ ಎಂಬುದು ತೀರ್ಪಿನ ಸಾರ. ಪರಿಹಾರದ ಹೊಣೆಯನ್ನು ಸಂಘಟಕರು ಮತ್ತು ರಾಜ್ಯದ ನಡುವೆ 60:40ರ ಪ್ರಮಾಣದಲ್ಲಿ ಹಂಚಲಾಯಿತು. ಘಟನೆ ನಡೆದು 16 ವರ್ಷಗಳ ನಂತರ ಹೊಣೆ ಯಾರದೆಂಬುದು ಇತ್ಯರ್ಥವಾಯಿತು.

ಈ ತೀರ್ಪು ಸಂಘಟಕರನ್ನು ಕುರಿತದ್ದು, ಮಳಿಗೆದಾರರನ್ನು ಕುರಿತದ್ದಲ್ಲ. ಆದರೂ ಅದರ ಹಿಂದಿನ ತರ್ಕವು ಮಳಿಗೆದಾರರಿಗೂ ಎಚ್ಚರಿಕೆ ನೀಡುತ್ತದೆ. ಮೇಳದ ಆವರಣಕ್ಕೆ ಜನರನ್ನು ಕರೆದವರು ಸಂಘಟಕರು; ಮಳಿಗೆಯೊಳಕ್ಕೆ ಕರೆದವರು ಮಳಿಗೆದಾರರು. ಹೆಚ್ಚುವರಿ ದೀಪಕ್ಕಾಗಿ ಎಳೆದ ತಂತಿ, ಪ್ರಾತ್ಯಕ್ಷಿಕೆಗಾಗಿ ಇರಿಸಿದ ಒಲೆ ಅಥವಾ ಕುಲುಮೆ, ದಾರಿಗೆ ಚಾಚಿದ ಹಲಗೆ ಇವುಗಳ ವ್ಯವಸ್ಥೆ ಮಳಿಗೆದಾರರ ಕೈಯಲ್ಲಿಯೇ ಇರುತ್ತದೆ. ತಂತಿ ಎಳೆದವರು ಬಾಡಿಗೆಯ ಎಲೆಕ್ಟ್ರಿಷಿಯನ್ ಎಂಬ ಉತ್ತರ ಸಾಕಾಗದೆ ಹೋಗಬಹುದು.

2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಉಂಟಾದ ಕಾಲ್ತುಳಿತದಲ್ಲಿ 11 ಜನ ಮೃತಪಟ್ಟ ನಂತರ ಕಾರ್ಯಕ್ರಮ ಸಂಘಟಕರ ಹೊಣೆಗಾರಿಕೆಯು ರಾಜ್ಯದಲ್ಲಿ ವ್ಯಾಪಕ ಚರ್ಚೆಗೆ ಒಳಗಾಯಿತು. ಜನಸಂದಣಿ ನಿಯಂತ್ರಣ ಕುರಿತ ಮಸೂದೆಯೊಂದನ್ನು ಅದೇ ವರ್ಷ ವಿಧಾನಸಭೆಯಲ್ಲಿ ಮಂಡಿಸಲಾಯಿತು. ಸಂಘಟಕರ ಮೇಲಿನ ಹೊಣೆ ಹೆಚ್ಚಿದಂತೆ, ಅದರ ಒಂದು ಪಾಲನ್ನು ಮುಚ್ಚಳಿಕೆಯ ಮೂಲಕ ಮಳಿಗೆದಾರರ ಮೇಲೆ ಹೊರಿಸುವ ಪ್ರವೃತ್ತಿಯೂ ಹೆಚ್ಚಬಹುದೆಂದು ನಿರೀಕ್ಷಿಸಬಹುದಾಗಿದೆ.

6. ಮುಚ್ಚಳಿಕೆಗೆ ಸಹಿ ಮಾಡುವ ಮುನ್ನ

ಮಳಿಗೆ ಹಂಚಿಕೆಯ ಅರ್ಜಿಗಳಲ್ಲಿ "ಮಳಿಗೆಯಲ್ಲಿ ಸಂಭವಿಸುವ ಯಾವುದೇ ಹಾನಿಗೆ ಮಳಿಗೆದಾರರೇ ಸಂಪೂರ್ಣ ಜವಾಬ್ದಾರರು" ಎಂಬ ಅರ್ಥದ ಷರತ್ತು ಇರುವುದುಂಟು. ಬಹುಪಾಲು ಅರ್ಜಿದಾರರು ಇದನ್ನು ಓದದೆಯೇ ಸಹಿ ಮಾಡುತ್ತಾರೆ. ಇಲ್ಲಿ ಒಂದು ಸೂಕ್ಷ್ಮ ಅಂಶವಿದೆ. ಹೊಣೆಗಾರಿಕೆ ಪಾಲಿಸಿಗಳು ಸಾಮಾನ್ಯವಾಗಿ ಕಾನೂನಿನಿಂದ ಬರುವ ಹೊಣೆಯನ್ನು ಭರಿಸುತ್ತವೆ. ಕಾನೂನಿನಲ್ಲಿ ಇಲ್ಲದಿದ್ದರೂ ಒಪ್ಪಂದದ ಮೂಲಕ ಸ್ವತಃ ವಹಿಸಿಕೊಂಡ ಹೊಣೆಯನ್ನು ಅವು ಹೊರಗಿಡುತ್ತವೆ. ಆದುದರಿಂದ ಸಂಘಟಕರ ತಪ್ಪಿನಿಂದ ಆದ ಹಾನಿಗೂ ತಾವೇ ಹೊಣೆ ಎಂದು ಸಹಿ ಮಾಡಿದ ಮಳಿಗೆದಾರರಿಗೆ, ವಿಮೆ ಇದ್ದರೂ ಆ ಭಾಗದ ಮಟ್ಟಿಗೆ ರಕ್ಷಣೆ ದೊರೆಯದಿರಬಹುದು. ಷರತ್ತನ್ನು "ಮಳಿಗೆದಾರರ ಅಜಾಗರೂಕತೆಯಿಂದ ಉಂಟಾದ ಹಾನಿಗೆ" ಎಂದು ಮಿತಿಗೊಳಿಸುವಂತೆ ಸಂಘಟಕರನ್ನು ಕೋರುವುದು ಸೂಕ್ತ. ಸಂಘಟಕರು ಇಡೀ ಮೇಳಕ್ಕೆ ವಿಮೆ ಪಡೆದಿದ್ದಾರೆಯೇ, ಅದರಲ್ಲಿ ಮಳಿಗೆದಾರರ ಹೆಸರೂ ವಿಮೆಗೆ ಒಳಪಟ್ಟವರ ಪಟ್ಟಿಯಲ್ಲಿ ಸೇರಿದೆಯೇ ಎಂಬುದನ್ನು ಲಿಖಿತವಾಗಿ ಕೇಳಬೇಕು.

7. ಮಾರಾಟವಾದ ವಸ್ತುವಿನ ಹೊಣೆ: ಚನ್ನಪಟ್ಟಣದ ಆಟಿಕೆಗಳ ಉದಾಹರಣೆ

ಮಳಿಗೆಯ ಬಾಗಿಲು ಮುಚ್ಚಿದ ನಂತರವೂ ಹೊಣೆ ಮುಂದುವರಿಯುವ ಇನ್ನೊಂದು ಬಗೆಯಿದೆ. ಅದು ಮಾರಿದ ವಸ್ತುವಿನಿಂದ ಬರುವ ಹೊಣೆ.

2020ರ ಜುಲೈ 20ರಿಂದ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರಲ್ಲಿ ಉತ್ಪನ್ನ ಹೊಣೆಗಾರಿಕೆ ಎಂಬ ಪ್ರತ್ಯೇಕ ಅಧ್ಯಾಯವನ್ನು ಸೇರಿಸಲಾಗಿದೆ. ದೋಷಯುಕ್ತ ವಸ್ತುವಿನಿಂದ ಗ್ರಾಹಕನಿಗೆ ಹಾನಿಯಾದಲ್ಲಿ ತಯಾರಕರು ಹಾಗೂ ನಿರ್ದಿಷ್ಟ ಸಂದರ್ಭಗಳಲ್ಲಿ ಮಾರಾಟಗಾರರು ಪರಿಹಾರ ನೀಡಬೇಕಾಗುತ್ತದೆ. ತಯಾರಿಕೆಯ ದೋಷ, ವಿನ್ಯಾಸದ ದೋಷ, ನೀಡಿದ ಭರವಸೆಗೆ ವಸ್ತು ಹೊಂದಿಕೆಯಾಗದಿರುವುದು ಮಾತ್ರವಲ್ಲದೆ ಸರಿಯಾದ ಬಳಕೆಯ ಸೂಚನೆ ಅಥವಾ ಎಚ್ಚರಿಕೆಯನ್ನು ನೀಡದಿರುವುದೂ ಹೊಣೆಗೆ ಕಾರಣವಾಗುತ್ತದೆ. ತಯಾರಕರೆಂದರೆ ದೊಡ್ಡ ಕಾರ್ಖಾನೆ ಮಾತ್ರ ಎಂದು ಅಧಿನಿಯಮ ಹೇಳುವುದಿಲ್ಲ. ಒಂಟಿಯಾಗಿ ದುಡಿಯುವ ಕುಶಲಕರ್ಮಿಯೂ ತಾನು ಮಾಡಿದ ವಸ್ತುವಿನ ತಯಾರಕನೇ ಆಗಿರುತ್ತಾನೆ.

ಚನ್ನಪಟ್ಟಣದ ಆಟಿಕೆಗಳ ವಿಷಯದಲ್ಲಿ ಈ ಅಂಶಕ್ಕೆ ಹೆಚ್ಚಿನ ಮಹತ್ವವಿದೆ. ಹಾಲೆ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿ ತಯಾರಿಸುವ ಈ ಆಟಿಕೆಗಳಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಇದೆ. 2020ರಲ್ಲಿ ಕೇಂದ್ರ ಸರ್ಕಾರವು ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶವನ್ನು ಹೊರಡಿಸಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಐ.ಎಸ್.ಐ. ಗುರುತನ್ನು ಕಡ್ಡಾಯಗೊಳಿಸಿತು. 2020ರ ಡಿಸೆಂಬರ್‌ನಲ್ಲಿ ತಿದ್ದುಪಡಿಯ ಮೂಲಕ, ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿತರಾದ ಕುಶಲಕರ್ಮಿಗಳು ತಯಾರಿಸಿ ಮಾರುವ ವಸ್ತುಗಳಿಗೂ, ಭೌಗೋಳಿಕ ಸೂಚ್ಯಂಕದ ನೋಂದಾಯಿತ ಮಾಲೀಕರು ಹಾಗೂ ಅಧಿಕೃತ ಬಳಕೆದಾರರ ಉತ್ಪನ್ನಗಳಿಗೂ ವಿನಾಯಿತಿ ನೀಡಲಾಯಿತು. ಸಣ್ಣ ತಯಾರಕರನ್ನು ಪರೀಕ್ಷೆಯ ವೆಚ್ಚದಿಂದ ಪಾರು ಮಾಡಿದ ಈ ವಿನಾಯಿತಿ ಸ್ವಾಗತಾರ್ಹವಾದದ್ದು.

ಆದರೆ ವಿನಾಯಿತಿ ದೊರೆತಿರುವುದು ಗುರುತಿನಿಂದ, ಹೊಣೆಯಿಂದ ಅಲ್ಲ. ಆಟಿಕೆಯಿಂದ ಕಳಚಿದ ಸಣ್ಣ ಗೂಟವನ್ನು ಮಗು ನುಂಗಿದಲ್ಲಿ ಗ್ರಾಹಕ ಆಯೋಗದ ಮುಂದೆ "ಈ ವಸ್ತುವಿಗೆ ಐ.ಎಸ್.ಐ. ಗುರುತು ಬೇಕಾಗಿರಲಿಲ್ಲ" ಎಂಬ ಉತ್ತರವೊಂದೇ ಸಾಲದು. ಪರೀಕ್ಷಾ ವರದಿ ಹೊಂದಿರುವ ಕಾರ್ಖಾನೆಯು ಅದನ್ನು ತನ್ನ ಸಮರ್ಥನೆಗೆ ಹಾಜರುಪಡಿಸಬಹುದು; ವಿನಾಯಿತಿ ಪಡೆದ ಕುಶಲಕರ್ಮಿಯ ಬಳಿ ಅಂತಹ ದಾಖಲೆ ಇರುವುದಿಲ್ಲ. ಹೀಗಾಗಿ ವಿನಾಯಿತಿ ಪಡೆದವರೇ ವಿಮೆ ಮತ್ತು ಎಚ್ಚರಿಕೆಯ ಚೀಟಿಯ ಬಗ್ಗೆ ಹೆಚ್ಚು ಗಮನ ಕೊಡಬೇಕಾಗುತ್ತದೆ. ಯಾವ ವಯಸ್ಸಿನ ಮಕ್ಕಳಿಗೆ ಸೂಕ್ತ, ಸಣ್ಣ ಭಾಗಗಳಿವೆಯೇ, ನೀರಿನಲ್ಲಿ ನೆನೆಸಬಹುದೇ ಎಂಬ ಮೂರು ಸಾಲುಗಳನ್ನು ಮುದ್ರಿಸಿ ಪ್ರತಿ ಆಟಿಕೆಯೊಂದಿಗೆ ನೀಡುವುದು ಹೆಚ್ಚು ವೆಚ್ಚದ ಕೆಲಸವಲ್ಲ. ಗ್ರಾಹಕನು ವಸ್ತುವನ್ನು ದುರುಪಯೋಗಪಡಿಸಿಕೊಂಡಿದ್ದಲ್ಲಿ ಅಥವಾ ಮಾರ್ಪಡಿಸಿದ್ದಲ್ಲಿ ಅಧಿನಿಯಮದಲ್ಲಿ ರಕ್ಷಣೆ ಉಂಟು. ಸೂಚನೆಯನ್ನು ಬರಹದಲ್ಲಿ ಕೊಟ್ಟಿದ್ದರೆ ಆ ರಕ್ಷಣೆಯನ್ನು ಸಾಧಿಸುವುದು ಸುಲಭ.

ಮುಖ್ಯವಾಗಿ ಗಮನಿಸಬೇಕಾದುದು: ಸಾರ್ವಜನಿಕ ಹೊಣೆಗಾರಿಕೆ ಪಾಲಿಸಿಯು ಸಾಮಾನ್ಯವಾಗಿ ಉತ್ಪನ್ನ ಹೊಣೆಗಾರಿಕೆಯನ್ನು ಒಳಗೊಳ್ಳುವುದಿಲ್ಲ. ಮಳಿಗೆಯ ಚೌಕಟ್ಟು ಬಿದ್ದು ಆದ ಗಾಯ ಮೊದಲನೆಯದರ ವ್ಯಾಪ್ತಿಗೆ, ಮನೆಗೆ ಒಯ್ದ ಆಟಿಕೆಯಿಂದ ಆದ ಗಾಯ ಎರಡನೆಯದರ ವ್ಯಾಪ್ತಿಗೆ ಬರುತ್ತದೆ. ವಸ್ತುಗಳನ್ನು ಮಾರುವವರಿಗೆ ಎರಡೂ ಅಗತ್ಯ. ಪ್ರದರ್ಶನ ಕಲಾವಿದರಿಗೆ, ಅಂದರೆ ಯಕ್ಷಗಾನ ಮೇಳ, ಗೊಂಬೆಯಾಟ, ವೀರಗಾಸೆ, ಡೊಳ್ಳು ಕುಣಿತ ತಂಡಗಳಿಗೆ, ಮತ್ತು ಗೋಡೆ ಚಿತ್ರ ರಚಿಸುವವರಿಗೆ ಮೊದಲನೆಯದೇ ಮುಖ್ಯ. ದೀಪದ ಕಂಬ ಪ್ರೇಕ್ಷಕರ ಮೇಲೆ ಉರುಳುವುದು, ಅಟ್ಟಣಿಗೆಯಿಂದ ಬಣ್ಣದ ಡಬ್ಬಿ ಬಿದ್ದು ಕೆಳಗಿನ ವಾಹನ ಹಾಳಾಗುವುದು ಇಂತಹ ಸಂದರ್ಭಗಳು.

8. ಪಾಲಿಸಿಯಲ್ಲಿ ಪರಿಶೀಲಿಸಬೇಕಾದ ಅಂಶಗಳು

(1) ಮಿತಿ: ಹೊಣೆಗಾರಿಕೆ ಪಾಲಿಸಿಗಳಲ್ಲಿ ಎರಡು ಮಿತಿಗಳಿರುತ್ತವೆ. ಒಂದು ಅಪಘಾತಕ್ಕೆ ಗರಿಷ್ಠ ಎಷ್ಟು, ಒಂದು ವರ್ಷದ ಅವಧಿಗೆ ಒಟ್ಟು ಗರಿಷ್ಠ ಎಷ್ಟು ಎಂಬುದನ್ನು ಪ್ರತ್ಯೇಕವಾಗಿ ನೋಡಬೇಕು. ವಕೀಲರ ವೆಚ್ಚ ಈ ಮಿತಿಯೊಳಗೇ ಸೇರಿದೆಯೇ ಎಂಬುದನ್ನೂ ತಿಳಿಯಬೇಕು.

(2) ಸ್ವಂತ ಪಾಲು: ಪ್ರತಿ ಕ್ಲೇಮಿನಲ್ಲಿ ಮೊದಲ ಒಂದು ಮೊತ್ತವನ್ನು ಪಾಲಿಸಿದಾರನೇ ಭರಿಸಬೇಕಾಗುತ್ತದೆ. ಈ ಮೊತ್ತ ಹೆಚ್ಚಾಗಿದ್ದರೆ ಸಣ್ಣ ಅವಘಡಗಳಲ್ಲಿ ಪಾಲಿಸಿಯಿಂದ ಪ್ರಯೋಜನವಾಗದು.

(3) ಅವಧಿಯ ಆಧಾರ: ಭಾರತದಲ್ಲಿ ಈ ಪಾಲಿಸಿಗಳು ಸಾಮಾನ್ಯವಾಗಿ ಕ್ಲೇಮು ಬಂದ ದಿನವನ್ನು ಆಧರಿಸಿರುತ್ತವೆ. ಅಂದರೆ ಅಪಘಾತವಾದ ದಿನ ಮಾತ್ರವಲ್ಲದೆ ಬಾಧಿತರು ಪರಿಹಾರ ಕೇಳಿದ ದಿನವೂ ಪಾಲಿಸಿ ಚಾಲ್ತಿಯಲ್ಲಿರಬೇಕು. ಹತ್ತು ದಿನಗಳ ಮೇಳಕ್ಕೆ ಮಾತ್ರ ಪಾಲಿಸಿ ಪಡೆದು, ಆರು ತಿಂಗಳ ನಂತರ ನೋಟಿಸು ಬಂದಲ್ಲಿ ರಕ್ಷಣೆ ಇದೆಯೇ ಎಂಬುದನ್ನು ಮೊದಲೇ ಲಿಖಿತವಾಗಿ ಖಚಿತಪಡಿಸಿಕೊಳ್ಳಬೇಕು.

(4) ಸ್ಥಳ: ಪಾಲಿಸಿಯು ಕಾರ್ಯಾಗಾರದ ವಿಳಾಸಕ್ಕೆ ಮಾತ್ರ ಸೀಮಿತವೇ, ಹೊರ ಊರಿನ ಮೇಳಗಳಿಗೂ ಅನ್ವಯವೇ ಎಂಬುದನ್ನು ನೋಡಬೇಕು. ರಫ್ತು ಮಾಡುವವರು ವಿದೇಶದಲ್ಲಿ ಹೂಡುವ ದಾವೆಗಳಿಗೆ ರಕ್ಷಣೆ ಇದೆಯೇ ಎಂದು ಕೇಳಬೇಕು.

(5) ಹೊರಗಿಟ್ಟ ಅಂಶಗಳು: ದಂಡ, ಉದ್ದೇಶಪೂರ್ವಕ ಕೃತ್ಯ, ಒಪ್ಪಂದದಿಂದ ಬಂದ ಹೊಣೆ, ನೌಕರರಿಗಾದ ಗಾಯ ಇವು ಸಾಮಾನ್ಯವಾಗಿ ಹೊರಗಿರುತ್ತವೆ. ಅಜಾಗರೂಕತೆಯಿಂದ ಸಾವು ಸಂಭವಿಸಿದಲ್ಲಿ ಭಾರತೀಯ ನ್ಯಾಯ ಸಂಹಿತೆಯಡಿ ಹೂಡುವ ಕ್ರಿಮಿನಲ್ ಪ್ರಕರಣದ ಶಿಕ್ಷೆಯನ್ನು ಯಾವ ವಿಮೆಯೂ ತಪ್ಪಿಸಲಾರದು. ವಿಮೆಯು ಎಚ್ಚರಿಕೆಗೆ ಬದಲಿಯಲ್ಲ.

ಕಂತಿನ ಮೊತ್ತವು ವಾರ್ಷಿಕ ವಹಿವಾಟು, ಕೆಲಸದ ಸ್ವರೂಪ, ಸೇರುವ ಜನರ ಸಂಖ್ಯೆ ಮತ್ತು ಕೋರಿದ ಮಿತಿಯನ್ನು ಅವಲಂಬಿಸಿರುತ್ತದೆ. ಆದುದರಿಂದ ಕನಿಷ್ಠ ಎರಡು ಕಂಪನಿಗಳಿಂದ ದರಪಟ್ಟಿ ಪಡೆಯುವುದು ಲೇಸು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ಹಾಗೂ ಆರೋಗ್ಯ ವಿಮೆಗೆ ನೀಡಿರುವ ಜಿ.ಎಸ್.ಟಿ. ವಿನಾಯಿತಿಯು ಹೊಣೆಗಾರಿಕೆ ವಿಮೆಗೆ ಅನ್ವಯಿಸುವುದಿಲ್ಲ ಎಂಬುದನ್ನು ಲೆಕ್ಕ ಹಾಕುವಾಗ ಗಮನದಲ್ಲಿರಿಸಬೇಕು.

9. ಒಬ್ಬೊಬ್ಬರಾಗಿ ಅಲ್ಲ, ಸಂಘವಾಗಿ

ಒಬ್ಬ ಕುಶಲಕರ್ಮಿಯ ಸಣ್ಣ ವಹಿವಾಟಿಗೆ ಪ್ರತ್ಯೇಕ ಪಾಲಿಸಿ ರೂಪಿಸಲು ಕಂಪನಿಗಳು ಆಸಕ್ತಿ ತೋರದಿರುವುದು ಸಹಜ. ಕಡತದ ಖರ್ಚೇ ಕಂತಿಗಿಂತ ಹೆಚ್ಚಾಗಬಹುದು. ಬ್ರಿಟನ್ನಿನಲ್ಲಿ ದೃಶ್ಯ ಕಲಾವಿದರ ಸದಸ್ಯತ್ವ ಸಂಸ್ಥೆಯಾದ ಎ-ಎನ್ ತನ್ನ ಕಲಾವಿದ ಸದಸ್ಯರಿಗೆ ಸಾರ್ವಜನಿಕ ಹಾಗೂ ಉತ್ಪನ್ನ ಹೊಣೆಗಾರಿಕೆ ವಿಮೆಯನ್ನು ಸದಸ್ಯತ್ವದ ಭಾಗವಾಗಿಯೇ ಒದಗಿಸುತ್ತದೆ. ಸದಸ್ಯತ್ವ ಶುಲ್ಕ ಕಟ್ಟಿದ ಕಲಾವಿದರು ವಿಮೆಗಾಗಿ ಬೇರೆ ಅರ್ಜಿ ಹಾಕಬೇಕಾಗಿಲ್ಲ.

ಇಂತಹ ವ್ಯವಸ್ಥೆಗೆ ಬೇಕಾದ ತಳಹದಿ ಇಲ್ಲಿಯೂ ಇದೆ. ಕರಕುಶಲ ಸಹಕಾರ ಸಂಘಗಳು, ಸ್ವಸಹಾಯ ಗುಂಪುಗಳ ಒಕ್ಕೂಟಗಳು, ಭೌಗೋಳಿಕ ಸೂಚ್ಯಂಕದ ಬಳಕೆದಾರರ ಸಂಘಗಳು ಈಗಾಗಲೇ ಸದಸ್ಯರ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ಹೊಂದಿವೆ. ಕೇವಲ ವಿಮೆ ಪಡೆಯುವ ಸಲುವಾಗಿ ಗುಂಪು ರಚಿಸುವಂತಿಲ್ಲ ಎಂಬುದು ಗುಂಪು ವಿಮೆಯ ನಿಯಮ; ಬೇರೆ ಉದ್ದೇಶಕ್ಕಾಗಿ ಅಸ್ತಿತ್ವದಲ್ಲಿರುವ ಸಂಘಗಳಿಗೆ ಈ ತೊಡಕು ಇಲ್ಲ. ಸಂಘದ ವಾರ್ಷಿಕ ಮಹಾಸಭೆಯಲ್ಲಿ ಈ ವಿಷಯವನ್ನು ಮಂಡಿಸಿ, ಸಂಘದ ಹೆಸರಿನಲ್ಲಿ ಒಂದೇ ಪಾಲಿಸಿ ನೀಡುವಂತೆ ವಿಮಾ ಕಂಪನಿಗಳನ್ನು ಕೇಳಬಹುದು. ಒಂದೇ ಮಿತಿಯನ್ನು ಎಲ್ಲ ಸದಸ್ಯರು ಹಂಚಿಕೊಳ್ಳುತ್ತಾರೆಯೇ ಅಥವಾ ಪ್ರತಿ ಸದಸ್ಯರಿಗೂ ಪ್ರತ್ಯೇಕ ಮಿತಿ ಇದೆಯೇ ಎಂಬುದನ್ನು ಆಗ ಸ್ಪಷ್ಟಪಡಿಸಿಕೊಳ್ಳಬೇಕು.

10. ಅವಘಡ ಸಂಭವಿಸಿದಲ್ಲಿ

- ಗಾಯಗೊಂಡವರ ಚಿಕಿತ್ಸೆಗೆ ಮೊದಲ ಆದ್ಯತೆ ನೀಡಬೇಕು. ನೆರವಾಗುವುದೇ ತಪ್ಪನ್ನು ಒಪ್ಪಿಕೊಂಡಂತೆ ಆಗುವುದಿಲ್ಲ.
- ಸ್ಥಳದ ಛಾಯಾಚಿತ್ರ ತೆಗೆದು, ಪ್ರತ್ಯಕ್ಷದರ್ಶಿಗಳ ಹೆಸರು ಮತ್ತು ದೂರವಾಣಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು.
- ಸಂಘಟಕರಿಗೆ ಹಾಗೂ ವಿಮಾ ಕಂಪನಿಗೆ ಕೂಡಲೇ ಲಿಖಿತ ಮಾಹಿತಿ ನೀಡಬೇಕು. ದಾವೆಯ ನೋಟಿಸು ಬರುವವರೆಗೆ ಕಾಯಬಾರದು.
- ಕಂಪನಿಯ ಒಪ್ಪಿಗೆಯಿಲ್ಲದೆ ಪರಿಹಾರದ ಮೊತ್ತದ ಬಗ್ಗೆ ಬರಹದಲ್ಲಿ ಭರವಸೆ ನೀಡಬಾರದು. ಹಾಗೆ ನೀಡಿದಲ್ಲಿ ಕ್ಲೇಮು ತಿರಸ್ಕೃತವಾಗಬಹುದು.
- ನ್ಯಾಯಾಲಯ ಅಥವಾ ಗ್ರಾಹಕ ಆಯೋಗದ ನೋಟಿಸನ್ನು ನಿರ್ಲಕ್ಷಿಸಬಾರದು. ಅರ್ಹರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ಕಾನೂನು ನೆರವು ಪಡೆಯಬಹುದು. ಸಹಾಯವಾಣಿ ಸಂಖ್ಯೆ 15100. ಈ ನೆರವು ಗಾಯಗೊಂಡವರಿಗೂ ಲಭ್ಯ.

11. ವಿಮಾ ಕಂಪನಿಯ ವಿರುದ್ಧ ದೂರು

ಕ್ಲೇಮನ್ನು ಕಂಪನಿ ತಿರಸ್ಕರಿಸಿದಲ್ಲಿ ಮೊದಲು ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಲಿಖಿತ ದೂರು ನೀಡಬೇಕು. ಒಂದು ತಿಂಗಳೊಳಗೆ ಉತ್ತರ ಬಾರದಿದ್ದಲ್ಲಿ ಅಥವಾ ಉತ್ತರ ಸಮಾಧಾನಕರವಾಗಿಲ್ಲದಿದ್ದಲ್ಲಿ ವಿಮಾ ಓಂಬುಡ್ಸ್‌ಮನ್ ಅವರಿಗೆ ಒಂದು ವರ್ಷದೊಳಗೆ ದೂರು ಸಲ್ಲಿಸಬಹುದು. ಇದಕ್ಕೆ ಶುಲ್ಕವಿಲ್ಲ. ಕರ್ನಾಟಕದ ಓಂಬುಡ್ಸ್‌ಮನ್ ಕಚೇರಿ ಬೆಂಗಳ‍ೂರಿನಲ್ಲಿದೆ. 2023ರ ತಿದ್ದುಪಡಿಯ ನಂತರ 50 ಲಕ್ಷ ರೂ.ವರೆಗಿನ ಪರಿಹಾರವನ್ನು ಇಲ್ಲಿ ಕೋರಬಹುದು. ವೈಯಕ್ತಿಕ ಹಾಗೂ ಗುಂಪು ಪಾಲಿಸಿಗಳಲ್ಲದೆ ಏಕಮಾಲೀಕತ್ವದ ಉದ್ಯಮಗಳು ಮತ್ತು ಸೂಕ್ಷ್ಮ ಉದ್ಯಮಗಳು ಪಡೆದ ಪಾಲಿಸಿಗಳ ದೂರುಗಳನ್ನೂ ಸ್ವೀಕರಿಸಲಾಗುತ್ತದೆ. ಆದುದರಿಂದ ಕುಶಲಕರ್ಮಿಗಳು ಉಚಿತವಾಗಿ ದೊರೆಯುವ ಉದ್ಯಮ್ ನೋಂದಣಿಯನ್ನು ಮಾಡಿಸಿಟ್ಟುಕೊಂಡಿದ್ದರೆ ಸೂಕ್ಷ್ಮ ಉದ್ಯಮ ಎಂಬುದಕ್ಕೆ ದಾಖಲೆಯಾಗುತ್ತದೆ.

12. ಉಪಸಂಹಾರ

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಪ್ರಕರಣದ ಪ್ರಕಾರ, ತೀರ್ಪಿನ ಹಣ ವಸೂಲಿಗಾಗಿ ಕುಶಲಕರ್ಮಿಯ ಉಪಕರಣಗಳನ್ನು ಜಪ್ತಿ ಮಾಡುವಂತಿಲ್ಲ. ದುಡಿಯುವ ಕೈಯಿಂದ ಉಳಿ ಸುತ್ತಿಗೆಗಳನ್ನು ಕಸಿದುಕೊಳ್ಳಬಾರದೆಂಬ ವಿವೇಕವನ್ನು ಕಾನೂನು ಶತಮಾನಕ್ಕೂ ಹಿಂದೆಯೇ ತೋರಿದೆ. ಆದರೆ ಸಿದ್ಧಪಡಿಸಿಟ್ಟ ವಸ್ತುಗಳು, ಬ್ಯಾಂಕಿನಲ್ಲಿರುವ ಉಳಿತಾಯ, ಮಗಳ ಮದುವೆಗೆಂದು ಕೊಂಡ ಒಡವೆ ಇವುಗಳಿಗೆ ಅದೇ ಬಗೆಯ ರಕ್ಷಣೆ ಇಲ್ಲ. ಇನ್ನೊಂದೆಡೆ, ಮಳಿಗೆದಾರರ ಬಳಿ ಏನೂ ಇಲ್ಲದಿದ್ದಲ್ಲಿ ಗಾಯಗೊಂಡ ಮಗುವಿನ ಪರವಾದ ತೀರ್ಪು ಕಾಗದದ ಮೇಲೆಯೇ ಉಳಿಯುತ್ತದೆ. ಹೊಣೆಗಾರಿಕೆ ವಿಮೆಯು ಈ ಇಬ್ಬರನ್ನೂ ಒಟ್ಟಿಗೆ ಕಾಪಾಡುತ್ತದೆ. ಅದರ ಮಹತ್ವ ಇರುವುದೂ ಅಲ್ಲಿಯೇ.

ಮುಂದಿನ ಮೇಳದ ಮಳಿಗೆಗಾಗಿ ಅರ್ಜಿ ಸಲ್ಲಿಸುವವರು ಸಹಿ ಮಾಡುವ ಮೊದಲು ಷರತ್ತುಗಳನ್ನು ಓದುವುದು, ಸಂಘಟಕರ ವಿಮೆಯ ಬಗ್ಗೆ ವಿಚಾರಿಸುವುದು ಹಾಗೂ ತಮ್ಮ ಸಂಘದಲ್ಲಿ ಗುಂಪು ಪಾಲಿಸಿಯ ವಿಷಯವನ್ನು ಪ್ರಸ್ತಾಪಿಸುವುದು ಅಪೇಕ್ಷಣೀಯ. ಈ ಮೂರೂ ಕೆಲಸಗಳಿಗೆ ಹಣ ವೆಚ್ಚವಾಗುವುದಿಲ್ಲ.